ಹಠಮಾರಿ ಯಂತ್ರದಿಂದ ಲೆಕ್ಕ ಶುರು: ವೈರ್‌ಲೆಸ್ ಕಂಟ್ರೋಲರ್ ಆರಿಸಿಕೊಂಡ ನನ್ನ ಅನುಭವ

ನಮ್ಮ ಮನೆಯಲ್ಲಿ ಆಟದ ಯಂತ್ರಗಳು ಒಂದೊಂದಾಗಿ ಸೇರಿಕೊಂಡವು. ಯಾರೂ ಯೋಚಿಸಿ ಕೂಡಿಸಿದ್ದಲ್ಲ. ಕೆಲಸಕ್ಕೆಂದು ಜೋಡಿಸಿದ್ದ ವಿಂಡೋಸ್ ಕಂಪ್ಯೂಟರಿಗೆ ಆಮೇಲೆ ಗ್ರಾಫಿಕ್ಸ್ ಕಾರ್ಡ್ ಬಂತು. ಸಿಂಗಪುರದಲ್ಲಿರುವ ತಮ್ಮ ರಜೆಗೆ ಬಂದಾಗ ನಿಂಟೆಂಡೊ ಸ್ವಿಚ್ ತಂದುಕೊಟ್ಟ. ಟಿವಿಯ ಕೆಳಗೆ ಸೋನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5 ಇದೆ. ಮಗಳ ಬಳಿ ಆಂಡ್ರಾಯ್ಡ್ ಟ್ಯಾಬ್ಲೆಟ್. ಪ್ರತಿಯೊಂದಕ್ಕೂ ಬೇರೆ ಬೇರೆ ಕಂಟ್ರೋಲರ್ (ಆಡಲು ಕೈಯಲ್ಲಿ ಹಿಡಿಯುವ ಗುಂಡಿಗಳ ಸಾಧನ) ಕೊಳ್ಳುತ್ತ ಹೋದರೆ ಖರ್ಚಿಗೆ ಕೊನೆಯಿಲ್ಲ. ಎಲ್ಲಕ್ಕೂ ಹೊಂದುವ ಒಂದನ್ನು ತರೋಣ ಎಂದು ಹುಡುಕಲು ಕುಳಿತೆ.

ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕಂಟ್ರೋಲರ್‌ಗಳ ಪೆಟ್ಟಿಗೆಯ ಮೇಲೆ ವಿಂಡೋಸ್, ಆಂಡ್ರಾಯ್ಡ್, ಐಒಎಸ್, ಸ್ವಿಚ್, ಪಿಎಸ್ ಎಂದು ಚಿಹ್ನೆಗಳ ದೊಡ್ಡ ಸಾಲೇ ಇರುತ್ತದೆ. ಮದುವೆಯ ಕರೆಯೋಲೆಯ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಅಚ್ಚಾಗುವ ಹೆಸರುಗಳಂತೆ ಅದು: ಹೆಸರಿರುವವರೆಲ್ಲ ಬಾಗಿಲಲ್ಲಿ ನಿಂತಿರುತ್ತಾರೆಂದು ನಂಬಬೇಕಾಗಿಲ್ಲ. ಚಿಹ್ನೆ ಇದ್ದರೆ ಸಂಪರ್ಕವಾಗುತ್ತದೆ ಎಂದಷ್ಟೇ ಅರ್ಥ. ತೋರುಬೆರಳಿನಿಂದ ಒತ್ತುವ ಟ್ರಿಗರ್ ಅರ್ಧ ಒತ್ತಿದ್ದು ಅರ್ಧವಾಗಿಯೇ ತಲುಪುತ್ತದೆಯೇ, ಕಂಟ್ರೋಲರ್ ವಾಲಿದ್ದನ್ನು ಗುರುತಿಸುವ ಗೈರೋ ಕೆಲಸ ಮಾಡುತ್ತದೆಯೇ, ನಿದ್ರೆಯಲ್ಲಿರುವ ಕನ್ಸೋಲನ್ನು (ಆಟಕ್ಕೆಂದೇ ಇರುವ ಯಂತ್ರವನ್ನು) ಎಬ್ಬಿಸುತ್ತದೆಯೇ ಎಂಬುದನ್ನು ಪೆಟ್ಟಿಗೆ ಹೇಳುವುದಿಲ್ಲ.

ಆದ್ದರಿಂದ ನಾನು ಕಂಟ್ರೋಲರ್‌ಗಳ ಪಟ್ಟಿಯನ್ನು ಬದಿಗಿಟ್ಟು ಯಂತ್ರಗಳ ಪಟ್ಟಿ ಬರೆದೆ. ಯಾವುದು ಅತ್ಯಂತ ಹಠಮಾರಿಯೋ ಅದು ಮೇಲೆ.

ಮೇಲೆ ಬಂದದ್ದು ಪಿಎಸ್5. ಅದರಲ್ಲಿ ಪಿಎಸ್5ರ ಆಟಗಳನ್ನು ಆಡಲು ಅದರ ಜೊತೆಗೇ ಬರುವ ಡ್ಯುಯಲ್‌ಸೆನ್ಸ್ ಕಂಟ್ರೋಲರ್ ಬೇಕು, ಇಲ್ಲವೇ ಸೋನಿಯ ಪರವಾನಗಿ ಪಡೆದ ದುಬಾರಿ ಕಂಟ್ರೋಲರ್ ಬೇಕು. ಅದೇ ಸೋನಿಯ 2013ರ ಡ್ಯುಯಲ್‌ಶಾಕ್ 4 ಕೂಡ ಅಲ್ಲಿ ಪಿಎಸ್4ರ ಆಟಗಳಿಗೆ ಮಾತ್ರ ನಡೆಯುತ್ತದೆ. ಎಕ್ಸ್‌ಬಾಕ್ಸ್ ನಮ್ಮ ಮನೆಯಲ್ಲಿಲ್ಲ, ಆದರೂ ಅದನ್ನು ಪಟ್ಟಿಯಲ್ಲಿ ಸೇರಿಸಿದ್ದೆ. ಅಕ್ಕನ ಮಗ ಒಂದನ್ನು ಕೊಳ್ಳುವ ಆಲೋಚನೆಯಲ್ಲಿದ್ದ. ಆ ಕನ್ಸೋಲ್ ಕಂಟ್ರೋಲರ್‌ಗಳೊಂದಿಗೆ ಬ್ಲೂಟೂತ್‌ನಲ್ಲಿ ಮಾತನಾಡುವುದೇ ಇಲ್ಲ. ಮೈಕ್ರೋಸಾಫ್ಟಿನ ಸ್ವಂತ ರೇಡಿಯೊ ವಿಧಾನವೊಂದಿದೆ, ಪರವಾನಗಿ ಇದ್ದವರಿಗೆ ಮಾತ್ರ ಪ್ರವೇಶ. 2023ರ ನವೆಂಬರಿನಿಂದ ಅನುಮತಿಯಿಲ್ಲದ ಉಪಕರಣಗಳನ್ನು ಕನ್ಸೋಲ್ ತಾನೇ ತಡೆಯತೊಡಗಿತು. ಬೇರೆ ಕಂಟ್ರೋಲರನ್ನು ಇವುಗಳಿಗೆ ಒಪ್ಪಿಸುವ ಪರಿವರ್ತಕ ಡಾಂಗಲ್‌ಗಳು (ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಸಾಧನಗಳು) ಸಿಗುತ್ತವೆ ನಿಜ. ಆದರೆ ಕನ್ಸೋಲಿನ ಮುಂದಿನ ಅಪ್‌ಡೇಟ್ ಅವುಗಳ ಬಾಯಿ ಮುಚ್ಚಿಸಬಹುದು. ಅಂಥದ್ದಕ್ಕೆ ದುಡ್ಡು ಹಾಕಲು ನನಗೆ ಮನಸ್ಸಿಲ್ಲ.

ಇಷ್ಟು ಬರೆದುಕೊಂಡಾಗಲೇ ಅರ್ಧ ಉತ್ತರ ಸಿಕ್ಕಿತ್ತು. ಪಿಎಸ್5ಕ್ಕೆ ಅದರದೇ ಕಂಟ್ರೋಲರ್ ಇರಲಿ. ಹೊಸದಾಗಿ ಕೊಳ್ಳುವುದು ಉಳಿದ ಮೂರಕ್ಕೆ. ‘ಎಲ್ಲಕ್ಕೂ ಒಂದೇ’ ಎನ್ನುವ ವಸ್ತು ಇವತ್ತಿನ ಮಾರುಕಟ್ಟೆಯಲ್ಲಿ ಇಲ್ಲ, ತಾಂತ್ರಿಕ ಕಾರಣಕ್ಕಿಂತ ವ್ಯಾಪಾರದ ಕಾರಣಕ್ಕೆ.

ಹಾಗಾದರೆ ಇದ್ದ ಡ್ಯುಯಲ್‌ಸೆನ್ಸನ್ನೇ ಕಂಪ್ಯೂಟರಿಗೂ ಬಳಸಬಹುದಲ್ಲ? ಬಳಸಿದೆ. ಕಂಪ್ಯೂಟರ್ ಆಟಗಳನ್ನು ಮಾರುವ, ನಡೆಸುವ ಸ್ಟೀಮ್ ಎಂಬ ತಂತ್ರಾಂಶದ ಮೂಲಕ ತೆರೆದ ಆಟಗಳಲ್ಲಿ ತೊಂದರೆಯಿಲ್ಲ. ಸ್ಟೀಮ್‌ನ ಹೊರಗಿನ ಆಟಗಳಲ್ಲಿ ಕೆಲವು ಅದನ್ನು ಗುರುತಿಸುವುದೇ ಇಲ್ಲ. ಅದರ ಹೆಗ್ಗಳಿಕೆಯಾದ, ಬೆರಳಿಗೆ ಪ್ರತಿರೋಧ ಕೊಡುವ ಟ್ರಿಗರ್‌ಗಳು ಕಂಪ್ಯೂಟರಿನಲ್ಲಿ ಹೆಚ್ಚಾಗಿ ಕೇಬಲ್ ಹಾಕಿದಾಗ ಮಾತ್ರ ಜೀವ ತಳೆಯುತ್ತವೆ. ಇನ್ನೊಂದು ಕಿರಿಕಿರಿ ಜೋಡಣೆಯದು: ಕಂಪ್ಯೂಟರಿಗೆ ಜೋಡಿಸಿದರೆ ಪಿಎಸ್5ರ ಸಂಬಂಧ ತಪ್ಪುತ್ತಿತ್ತು, ವಾಪಸು ಬಂದಾಗ ಮತ್ತೆ ಕೇಬಲ್ ಚುಚ್ಚಬೇಕಿತ್ತು. 2025ರಲ್ಲಿ ಬಂದ ಅಪ್‌ಡೇಟ್ ನಾಲ್ಕು ಸಾಧನಗಳವರೆಗೆ ನೆನಪಿಟ್ಟುಕೊಳ್ಳುವಂತೆ ಮಾಡಿ ಈ ಕಾಟವನ್ನು ಕಳೆಯಿತು. ಆದರೆ ಸ್ವಿಚ್ ಅದನ್ನು ನೇರವಾಗಿ ಒಪ್ಪುವುದಿಲ್ಲ, ಮತ್ತು ನಾನು ಕಂಪ್ಯೂಟರಿನ ಮುಂದೆ ಕುಳಿತಾಗಲೇ ಟಿವಿಯ ಮುಂದಿರುವವರಿಗೂ ಅದು ಬೇಕಾಗುತ್ತದೆ.

ಎಕ್ಸ್‌ಬಾಕ್ಸ್ ಕಂಟ್ರೋಲರ್ ವಿಂಡೋಸಿಗೆ ಹೇಳಿ ಮಾಡಿಸಿದ್ದು. ಕೈಯಲ್ಲಿ ಕೂರುವ ಹದಕ್ಕೆ ಅದನ್ನು ಮೀರಿಸಿದ್ದನ್ನು ನಾನು ಹಿಡಿದಿಲ್ಲ. ಆದರೆ ಅದರಲ್ಲಿ ಗೈರೋ ಇಲ್ಲ, ಸ್ವಿಚ್‌ಗೆ ಸೇರುವುದಿಲ್ಲ. ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು: 2013ರಲ್ಲಿ ಬಂದ ಮೊದಲ ಮಾದರಿಯಲ್ಲಿ ಬ್ಲೂಟೂತ್ ಇರಲಿಲ್ಲ, ಅದು ಸೇರಿದ್ದು 2016ರ ಮಾದರಿಯಿಂದ. ನೋಡುವುದಕ್ಕೆ ಎರಡೂ ಹತ್ತಿರಹತ್ತಿರ ಒಂದೇ. ನಡುವಿನ ದೊಡ್ಡ ಗುಂಡಿಯ ಸುತ್ತಲ ಪ್ಲಾಸ್ಟಿಕ್ ಮುಂಭಾಗದ ಹೊದಿಕೆಯದೇ ಭಾಗವಾಗಿದ್ದರೆ ಬ್ಲೂಟೂತ್ ಇದೆ, ಮೇಲಂಚಿನ ಹೊಳೆಯುವ ಪಟ್ಟಿಯ ಭಾಗವಾಗಿದ್ದರೆ ಇಲ್ಲ.

ಗೈರೋ ಬಗ್ಗೆ ಇಷ್ಟು ಹಟವೇಕೆ ಎಂದು ಕೇಳಬಹುದು. ಮಗಳು ಸ್ವಿಚ್‌ನಲ್ಲಿ ಗುರಿಯಿಡುವುದು ಕಂಟ್ರೋಲರನ್ನು ತುಸು ವಾಲಿಸಿಯೇ. ಹೆಬ್ಬೆರಳಿನ ಸ್ಟಿಕ್ಕಿನಿಂದ ಸುಮಾರಾಗಿ ತಿರುಗಿಸಿ, ಕೊನೆಯ ಕೂದಲೆಳೆಯಷ್ಟು ಸರಿಹೊಂದಿಸಲು ಮಣಿಕಟ್ಟು. ಒಮ್ಮೆ ರೂಢಿಯಾದವರಿಗೆ ಬರೀ ಸ್ಟಿಕ್ಕಿನ ಗುರಿ ಒರಟೆನಿಸುತ್ತದೆ. ನನಗೂ ಅದೇ ಚಟ ಹತ್ತಿತು. ಇಲ್ಲಿಯೇ ನಿಜವಾದ ತೊಡಕು ಇರುವುದು, ಮಾರುವವರು ಯಾರೂ ಹೇಳದ್ದು. ವಿಂಡೋಸ್ ಆಟಗಳಲ್ಲಿ ಹೆಚ್ಚಿನವು ನಿರೀಕ್ಷಿಸುವುದು ಎಕ್ಸ್‌ಇನ್‌ಪುಟ್ ಎಂಬ ವ್ಯವಸ್ಥೆಯನ್ನು. ಅದು 2005ರ ಎಕ್ಸ್‌ಬಾಕ್ಸ್ 360 ಕಾಲದ್ದು. ಎರಡು ಸ್ಟಿಕ್, 0ಯಿಂದ 255ರವರೆಗೆ ಬೆಲೆ ಕೊಡುವ ಎರಡು ಟ್ರಿಗರ್, ಒಂದಿಷ್ಟು ಗುಂಡಿ, ಕಂಪನಕ್ಕೆ ಎರಡು ಮೋಟರು, ಮುಗಿಯಿತು. ಗೈರೋಗೆ ಅದರಲ್ಲಿ ಜಾಗವೇ ಇಲ್ಲ. ಇತ್ತ ಸ್ವಿಚ್‌ನ ವಿಧಾನದಲ್ಲಿ ಗೈರೋ ಇದೆ, ಆದರೆ ಟ್ರಿಗರ್ ಬರೀ ಗುಂಡಿ: ಒತ್ತಿದರೆ ಒತ್ತಿತು, ಇಲ್ಲದಿದ್ದರೆ ಇಲ್ಲ. ಕಂಟ್ರೋಲರಿನಲ್ಲಿ ಎರಡೂ ಯಂತ್ರಾಂಶ ಇದ್ದರೂ ಯಾವ ವೇಷದಲ್ಲಿ ಸಂಪರ್ಕಿಸುತ್ತೀರೋ ಆ ವೇಷಕ್ಕೆ ಸಲ್ಲುವುದಷ್ಟೇ ದಾಟುತ್ತದೆ. ಕಾರಿನ ಆಟದಲ್ಲಿ ಆಕ್ಸಿಲರೇಟರನ್ನು ಅರ್ಧ ಒತ್ತಬೇಕಾದವನು ಎಕ್ಸ್‌ಇನ್‌ಪುಟ್ ವೇಷದಲ್ಲಿರಬೇಕು. ಬಿಲ್ಲು ಹಿಡಿದು ಗುರಿಯಿಡುವವನು ಸ್ವಿಚ್ ವೇಷದಲ್ಲಿ ಸ್ಟೀಮ್‌ಗೆ ಸೇರಿ, ಗೈರೋವನ್ನು ಮೌಸಿನ ಚಲನೆಯಾಗಿ ಪರಿವರ್ತಿಸಿಕೊಳ್ಳಬೇಕು.

ಹೀಗಾಗಿ ನನಗೆ ಬೇಕಾದದ್ದು ವೇಷ ಬದಲಿಸುವುದು ಸುಲಭವಾಗಿರುವ ಕಂಟ್ರೋಲರ್. ಹಲವು ಮಾದರಿಗಳಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಬದಲಿಸಬೇಕು. ಯಾವ ಎರಡು ಎಂಬುದು ಕೈಪಿಡಿ ಕಳೆದ ಮರುದಿನ ಮರೆತುಹೋಗುತ್ತದೆ. 8ಬಿಟ್‌ಡೂ ಕಂಪನಿಯ ಪ್ರೊ 2 ಕಂಟ್ರೋಲರಿನ ಬೆನ್ನಿನಲ್ಲಿ ನಾಲ್ಕು ಸ್ಥಾನಗಳ ಜಾರುಗುಂಡಿಯೇ ಇದೆ: ಸ್ವಿಚ್‌ಗೆ ಎಸ್, ಮ್ಯಾಕ್‌ಗೆ ಎ, ಆಂಡ್ರಾಯ್ಡ್‌ಗೆ ಡಿ, ವಿಂಡೋಸಿಗೆ ಎಕ್ಸ್. ಮಗಳಿಗೂ ಹೇಳಿಕೊಡಬೇಕಾಗಲಿಲ್ಲ. ನಾನು ಆರಿಸಿದ್ದಕ್ಕೆ ಮೊದಲ ಕಾರಣ ಇದೇ. ಎರಡನೆಯದು ಬ್ಯಾಟರಿ: 1000 ಎಂಎಎಚ್‌ನದು, ಮುಚ್ಚಳ ತೆಗೆದರೆ ಕೈಗೆ ಬರುತ್ತದೆ, ಅದರ ಜಾಗದಲ್ಲಿ ಎರಡು ಎಎ ಸೆಲ್ ಹಾಕಿದರೂ ನಡೆಯುತ್ತದೆ. ಒಳಗೆ ಅಂಟಿಸಿ ಮುಚ್ಚಿದ ಬ್ಯಾಟರಿ ಬಲಹೀನವಾದ ದಿನ ಇಡೀ ಕಂಟ್ರೋಲರ್ ಮೂಲೆ ಸೇರುವುದನ್ನು ನಾನು ಒಪ್ಪುವುದಿಲ್ಲ.

ಸ್ಟಿಕ್ಕಿನ ವಿಚಾರದಲ್ಲಿ ಹೆಚ್ಚು ಹೊತ್ತು ಕಳೆದೆ. ಸಾಮಾನ್ಯ ಸ್ಟಿಕ್ಕಿನೊಳಗೆ ಪೊಟೆನ್ಷಿಯೋಮೀಟರ್ ಇರುತ್ತದೆ. ಇಂಗಾಲದ ಪಟ್ಟಿಯ ಮೇಲೆ ಲೋಹದ ನಾಲಿಗೆ ಉಜ್ಜುತ್ತ ಓಡಾಡುತ್ತದೆ. ಉಜ್ಜಿ ಸವೆದಾಗ ಕೈಬಿಟ್ಟರೂ ಆಟಗಾರ ತಾನಾಗಿ ಎಡಕ್ಕೆ ನಡೆಯತೊಡಗುತ್ತಾನೆ. ಇದೇ ಎಲ್ಲರೂ ಗೋಳಾಡುವ ಡ್ರಿಫ್ಟ್. ಹಾಲ್ ಪರಿಣಾಮದ ಸ್ಟಿಕ್‌ಗಳಲ್ಲಿ ಆಯಸ್ಕಾಂತದ ಸ್ಥಾನವನ್ನು ಸಂವೇದಕ ಅಳೆಯುತ್ತದೆ, ಉಜ್ಜಾಟವಿಲ್ಲ. ಇದು ಹೊಸ ಶೋಧವೇನಲ್ಲ. 1998ರಲ್ಲಿ ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕನ್ಸೋಲಿನ ಕಂಟ್ರೋಲರ್‌ನಲ್ಲಿಯೇ ಇತ್ತು. ಹಾಲ್ ಇದ್ದರೆ ಎಂದೆಂದಿಗೂ ನಿಶ್ಚಿಂತೆ ಎಂದೂ ಅಲ್ಲ: ಸ್ಪ್ರಿಂಗ್ ಸಡಿಲವಾಗಬಹುದು, ಕೇಂದ್ರ ತುಸು ಸರಿದು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕಾಗಬಹುದು. ಪ್ರೊ 2 ಮೊದಲು ಬಂದದ್ದು ಸಾಮಾನ್ಯ ಸ್ಟಿಕ್ಕಿನೊಂದಿಗೆ, ಹಾಲ್ ಸ್ಟಿಕ್ ಇರುವುದು ನಂತರದ ಆವೃತ್ತಿಯಲ್ಲಿ. ಹೆಸರು ಅದೇ ಆದ್ದರಿಂದ ಪೆಟ್ಟಿಗೆ ಓದಿ ಖಚಿತಪಡಿಸಿಕೊಂಡೇ ದುಡ್ಡು ಕೊಟ್ಟೆ.

ಕೊಳ್ಳುವ ಮೊದಲು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವನ್ನು ಕೈಯಲ್ಲಿ ಹಿಡಿದು ನೋಡಿದೆ. ಮೊಬೈಲಿನಲ್ಲಿ ಗೇಮ್‌ಪ್ಯಾಡ್ ಪರೀಕ್ಷೆಯ ಆ್ಯಪ್ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ಬೇಡವೆನ್ನಲಿಲ್ಲ, ಒಬ್ಬರಂತೂ ‘ನೀವೇ ನೋಡಿ ಹೇಳಿ ಸರ್, ನಮಗೂ ಗೊತ್ತಾಗಲಿ’ ಎಂದರು. ನಾನು ನೋಡಿದ್ದು ಇಷ್ಟು. ಸ್ಟಿಕ್ಕನ್ನು ಅಂಚಿಗೆ ಒತ್ತಿ ನಿಧಾನವಾಗಿ ಸುತ್ತು ತಿರುಗಿಸಿದಾಗ ಗೆರೆ ಎಲ್ಲೂ ಒಳಕ್ಕೆ ಕುಸಿಯಬಾರದು. ಬಿಟ್ಟಾಗ ನಾಲ್ಕೂ ದಿಕ್ಕಿನಿಂದ ಸೊನ್ನೆಯ ಹತ್ತಿರಕ್ಕೆ ಮರಳಬೇಕು. ಟ್ರಿಗರ್ ಒತ್ತುತ್ತ ಹೋದಂತೆ ಅಂಕಿ ಏರಬೇಕು. ಎರಡು ಸಾವಿರದೊಳಗಿನ ಒಂದು ಕಂಟ್ರೋಲರಿನಲ್ಲಿ ಅದು ಸೊನ್ನೆಯಿಂದ ನೇರ ಪೂರ್ಣಕ್ಕೆ ಹಾರಿತು. ದಿಕ್ಕಿನ ಗುಂಡಿಯನ್ನು ಮೇಲಕ್ಕೆ ಒತ್ತಿ ಹಿಡಿದು ಹೆಬ್ಬೆರಳನ್ನು ತುಸು ಹೊರಳಿಸಿದಾಗ ಬಲ, ಎಡ ತಾನಾಗಿ ಬೀಳಬಾರದು. ಕೊನೆಯ ಪರೀಕ್ಷೆಯಲ್ಲಿ ಬೆಲೆಯುಳ್ಳವೂ ಸೋತವು.

ವಿದೇಶದ ಜಾಲತಾಣದಿಂದ ಅಗ್ಗಕ್ಕೆ ತರಿಸಬಹುದಲ್ಲ ಎಂಬ ಸಲಹೆಯೂ ಬಂತು. ಬ್ಲೂಟೂತ್ ಇರುವ ಸಾಧನಗಳನ್ನು ಭಾರತಕ್ಕೆ ತರಿಸುವುದಕ್ಕೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಒಪ್ಪಿಗೆಯ ನಿಯಮವಿದೆ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತರೆ ಬಿಡಿಸುವವರು ಯಾರು? ಕೆಟ್ಟರೆ ವಾರಂಟಿಯೂ ಇಲ್ಲ. ಇಲ್ಲಿಯ ಬಿಲ್ಲಿನೊಂದಿಗೇ ಕೊಂಡೆ.

ಮನೆಗೆ ತಂದ ಮೇಲೆ ಕಂಪ್ಯೂಟರಿನಲ್ಲಿ ಸಂಪರ್ಕ ಆಗಾಗ ತಡವರಿಸುತ್ತಿತ್ತು. ಕಂಟ್ರೋಲರನ್ನು ಬೈಯುವ ಮೊದಲು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ನೋಡುವುದು ಒಳ್ಳೆಯದು. ಹಲವು ಮದರ್‌ಬೋರ್ಡ್‌ಗಳಲ್ಲಿ ವೈ-ಫೈ ಮತ್ತು ಬ್ಲೂಟೂತ್‌ಗೆ ಒಂದೇ ಆಂಟೆನಾ; ಅದು ಪೆಟ್ಟಿಗೆಯಲ್ಲೇ ಉಳಿದಿದ್ದರೆ ಬ್ಲೂಟೂತ್ ಮೇಜಿನ ಆಚೆಗೂ ತಲುಪುವುದಿಲ್ಲ. ನಮ್ಮಲ್ಲಿ ಬ್ಲೂಟೂತ್ ಪುಟ್ಟ ಯುಎಸ್‌ಬಿ ಡಾಂಗಲ್‌ನದು. ಅದು ಹಿಂಬದಿಯಲ್ಲಿ, ಹಾರ್ಡ್ ಡಿಸ್ಕ್ ಹಾಕಿದ್ದ ಯುಎಸ್‌ಬಿ 3 ಕಿಂಡಿಯ ಪಕ್ಕದಲ್ಲಿತ್ತು. ಯುಎಸ್‌ಬಿ 3 ಕೆಲಸ ಮಾಡುವಾಗ ಬ್ಲೂಟೂತ್ ಬಳಸುವ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆಂದು ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು. ಒಂದು ಯುಎಸ್‌ಬಿ ವಿಸ್ತರಣಾ ಕೇಬಲ್ ಹಾಕಿ ಡಾಂಗಲನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವಲ್ಲಿ ಇಟ್ಟೆ. ತಡವರಿಕೆ ನಿಂತಿತು. ಕಂಟ್ರೋಲರ್ ತಯಾರಕರೇ ಕೊಡುವ ಪ್ರತ್ಯೇಕ 2.4 ಗಿಗಾಹರ್ಟ್ಸ್ ಡಾಂಗಲ್ ಬ್ಲೂಟೂತ್‌ಗಿಂತ ಸಾಮಾನ್ಯವಾಗಿ ಚುರುಕು, ಒಪ್ಪುತ್ತೇನೆ. ಆದರೆ ಅದೂ ಇದೇ ಪಟ್ಟಿಯಲ್ಲಿ ಮಾತನಾಡುವುದರಿಂದ ಇದೇ ಗದ್ದಲ ಅದಕ್ಕೂ ತಟ್ಟುತ್ತದೆ.

ವಿಳಂಬದ ಬಗ್ಗೆ ಜನ ಮಿಲಿಸೆಕೆಂಡುಗಳಲ್ಲಿ ಜಗಳವಾಡುತ್ತಾರೆ. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದೊಂದು ಚಿತ್ರವೂ ಪರದೆಯಲ್ಲಿ ನಿಲ್ಲುವುದು ಸುಮಾರು 16.7 ಮಿಲಿಸೆಕೆಂಡು. ಮೊಬೈಲಿನ 240 ಚಿತ್ರಗಳ ನಿಧಾನಗತಿಯಲ್ಲಿ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಸೆರೆಹಿಡಿದು ನೋಡಿದೆ. ಪ್ರತಿ ಚಿತ್ರ ನಾಲ್ಕು ಮಿಲಿಸೆಕೆಂಡು ಎಂದು ಎಣಿಸಿದರೆ ಸಾಕು. ಕೇಬಲ್‌ಗೂ ಬ್ಲೂಟೂತ್‌ಗೂ ಇದ್ದ ಅಂತರಕ್ಕಿಂತ ಟಿವಿಯ ಗೇಮ್ ಮೋಡ್ (ವಿಳಂಬ ತಗ್ಗಿಸುವ ವ್ಯವಸ್ಥೆ) ಹಾಕುವುದಕ್ಕೂ ಬಿಡುವುದಕ್ಕೂ ಇದ್ದ ಅಂತರ ಬಹಳ ದೊಡ್ಡದು. ಕಂಟ್ರೋಲರ್ ನಿಧಾನ ಎಂದು ದೂರುವವರ ಮನೆಗೆ ಹೋದಾಗ ನಾನೀಗ ಮೊದಲು ಟಿವಿಯ ರಿಮೋಟ್ ಕೇಳುತ್ತೇನೆ.

ಕೊರತೆಗಳೂ ಇವೆ. ಈ ಕಂಟ್ರೋಲರಿನಲ್ಲಿ ಗುಂಡಿಗಳ ಅಕ್ಷರ ನಿಂಟೆಂಡೊ ಕ್ರಮದಲ್ಲಿದೆ, ಎ ಬಲಕ್ಕೆ, ಬಿ ಕೆಳಕ್ಕೆ. ವಿಂಡೋಸ್ ಆಟ ಪರದೆಯ ಮೇಲೆ ‘ಎ ಒತ್ತಿ’ ಎಂದರೆ ಒತ್ತಬೇಕಾದದ್ದು ಕೆಳಗಿನದನ್ನು, ಅಂದರೆ ಬಿ ಎಂದು ಬರೆದಿರುವುದನ್ನು. ಸಾಫ್ಟ್‌ವೇರಿನಲ್ಲಿ ಅದಲುಬದಲು ಮಾಡಬಹುದು, ಆಗ ಬೆರಳಿನ ರೂಢಿ ಕೆಡುತ್ತದೆ. ನಾನು ಅಕ್ಷರ ನೋಡುವುದನ್ನೇ ಬಿಟ್ಟು ಸ್ಥಾನವನ್ನು ನೆಚ್ಚಿಕೊಂಡೆ. ನಿಂಟೆಂಡೊ ಅಲ್ಲದ ಬೇರೆಯವರು ತಯಾರಿಸಿದ ಹಲವು ಕಂಟ್ರೋಲರ್‌ಗಳಂತೆ ಇದರಲ್ಲಿಯೂ ಅಮೀಬೊ (ನಿಂಟೆಂಡೊದ ಚಿಪ್ ಇರುವ ಪುಟ್ಟ ಗೊಂಬೆಗಳು) ಓದುವ ಸೌಲಭ್ಯವಿಲ್ಲ. ನಮಗೆ ಅದರ ಅಗತ್ಯ ಬಿದ್ದಿಲ್ಲ. 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಇಂಥ ಕಂಟ್ರೋಲರ್‌ಗಳ ತಯಾರಕರು ಹೊಸ ಫರ್ಮ್‌ವೇರ್ (ಕಂಟ್ರೋಲರಿನೊಳಗಿನ ತಂತ್ರಾಂಶ) ಬಿಡಬೇಕಾಯಿತು, ಆದ್ದರಿಂದ ಫರ್ಮ್‌ವೇರ್ ಹೊರಡಿಸುತ್ತಲೇ ಇರುವ ಕಂಪನಿಯದನ್ನು ಕೊಳ್ಳುವುದು ಲೇಸು. ಚಾರ್ಜಿನ ಬಗ್ಗೆಯೂ ಒಂದು ಸೂಚನೆ: ಯುಎಸ್‌ಬಿ-ಸಿ ಕಿಂಡಿಯಿರುವ ಕೆಲವು ಅಗ್ಗದ ಕಂಟ್ರೋಲರ್‌ಗಳು ಎರಡೂ ತುದಿಯಲ್ಲಿ ಸಿ ಇರುವ ಕೇಬಲ್‌ನಿಂದ ಚಾರ್ಜ್ ಆಗುವುದೇ ಇಲ್ಲ. ಒಳಗೆ ಇರಬೇಕಾದ 5.1 ಕಿಲೋಓಮ್‌ನ ರೆಸಿಸ್ಟರ್‌ಗಳನ್ನು ಉಳಿತಾಯಕ್ಕಾಗಿ ಕೈಬಿಟ್ಟಿರುತ್ತಾರೆ. ಕಂಟ್ರೋಲರ್ ಸತ್ತಿದೆ ಎಂದುಕೊಳ್ಳುವ ಮೊದಲು ಚಾರ್ಜರಿನ ಕಡೆಗೆ ಹಳೆಯ ಅಗಲ ತುದಿ (ಯುಎಸ್‌ಬಿ-ಎ) ಇರುವ ಕೇಬಲ್ ಹಾಕಿ ನೋಡಿ.

ಅಕ್ಕನ ಮಗ ಕೊನೆಗೂ ಎಕ್ಸ್‌ಬಾಕ್ಸ್ ಸೀರೀಸ್ ಎಸ್ ಕೊಂಡ. ಇಬ್ಬರು ಆಡಲು ಎರಡನೆಯದು ಬೇಕು, ‘ಮಾಮ, ನಿಮ್ಮದನ್ನು ವಾರಾಂತ್ಯಕ್ಕೆ ಕೊಡಿ’ ಎಂದು ಕೇಳಿದ. ನನ್ನದು ನಿನ್ನ ಯಂತ್ರಕ್ಕೆ ಸೇರುವುದಿಲ್ಲ, ಆದರೆ ನಿನ್ನದು ನನ್ನ ಕಂಪ್ಯೂಟರಿಗೆ ಸೇರುತ್ತದೆ, ಅದನ್ನೇ ಹಿಡಿದುಕೊಂಡು ಇಲ್ಲಿಗೆ ಬಾ ಎಂದೆ. ಬಂದ. ಮೊದಲ ಸಲ ಬ್ಲೂಟೂತ್‌ನಲ್ಲಿ ಜೋಡಿಸಿದ್ದಷ್ಟೇ ಕೆಲಸ. ಈಗ ಜೋಡಣೆಯ ಗುಂಡಿಯನ್ನು ಬೇಗಬೇಗನೆ ಎರಡು ಸಲ ಒತ್ತಿದರೆ ಅವನ ಕಂಟ್ರೋಲರ್ ಕನ್ಸೋಲ್‌ನಿಂದ ನನ್ನ ಕಂಪ್ಯೂಟರಿಗೆ, ಮನೆಗೆ ಮರಳಿ ಮತ್ತೆರಡು ಸಲ ಒತ್ತಿದರೆ ಕನ್ಸೋಲ್‌ಗೆ ಹೋಗುತ್ತದೆ.