30 ಮೀಟರ್ ಕೆಳಗೆ ತಲೆ ಹೇಗಿರುತ್ತದೆ? ನನ್ನ ಅನುಭವ

ಬೆಂಗಳೂರಿನಲ್ಲಿ ಸ್ಕೂಬಾ ಕಲಿಯುವವರಿಗೆ ಮೊದಲು ಸಿಗುವುದು ಈಜುಕೊಳ. ಮಾಸ್ಕ್ ಒಳಗಿನ ನೀರು ತೆಗೆಯುವುದು, ಸಿಲಿಂಡರ್‌ನಿಂದ ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಂದ ಜಾರಿದರೆ ಹುಡುಕಿಕೊಳ್ಳುವುದು, ಇದೆಲ್ಲ ಅಲ್ಲೇ ಬರುತ್ತದೆ. ಆದರೆ ಆಳಕ್ಕೆ ಹೋದರೆ ಮನಸ್ಸು ಏನಾಗುತ್ತದೆ ಅನ್ನುವುದು ಈಜುಕೊಳದಲ್ಲಿ ಗೊತ್ತಾಗುವುದಿಲ್ಲ. ನನಗೆ ಗೊತ್ತಾಗಿದ್ದು ಅಂಡಮಾನಿನ ಹ್ಯಾವ್‌ಲಾಕ್‌ನಲ್ಲಿ, ಅಡ್ವಾನ್ಸ್ಡ್ ಕೋರ್ಸ್‌ನ ಡೀಪ್ ಡೈವ್‌ನಲ್ಲಿ.

30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 4 ಪಟ್ಟು. ಸಿಲಿಂಡರ್ ಗಾಳಿಯಲ್ಲಿ ಬಹುಪಾಲು ನೈಟ್ರೋಜನ್. ಅಷ್ಟು ಒತ್ತಡದಲ್ಲಿ ಅದು ಅಮಲು ತರಿಸುತ್ತದೆ. ಇದೇ ನಾರ್ಕೋಸಿಸ್. ಕೆಲವರಿಗೆ ಕಾರಣವಿಲ್ಲದ ಭಯ, ಕೆಲವರಿಗೆ ಖುಷಿ. ನನಗೆ ಖುಷಿ. ಇನ್‌ಸ್ಟ್ರಕ್ಟರ್ ಸ್ಲೇಟ್ ಮೇಲೆ ಸಣ್ಣ ಕೂಡುವ ಲೆಕ್ಕ ಬರೆದು ಕೊಟ್ಟರು. ದೋಣಿಯಲ್ಲಿ ಅಂಥದ್ದನ್ನೇ ಥಟ್ಟನೆ ಮಾಡಿದ್ದೆ. ಕೆಳಗೆ ತುಂಬಾ ಹೊತ್ತು ಹಿಡಿಯಿತು. ಆದರೆ ತಡವಾಗುತ್ತಿದೆ ಅಂತ ನನಗೆ ಅನ್ನಿಸಲೇ ಇಲ್ಲ. ಇದೇ ನೋಡಿ ಅಪಾಯ. ಉಳಿದ ಗಾಳಿ ತೋರಿಸುವ ಗೇಜ್ ನೋಡಿದರೂ ಅಂಕಿ ತಲೆಗೆ ಹತ್ತುವುದಿಲ್ಲ, ಅತ್ತ ಗಾಳಿ 4 ಪಟ್ಟು ಬೇಗ ಖಾಲಿಯಾಗುತ್ತಿರುತ್ತದೆ.

ಹಾಗಾಗಿ ಎಲ್ಲ ತೀರ್ಮಾನವನ್ನೂ ದೋಣಿಯಲ್ಲೇ ಮಾಡಿಬಿಡುತ್ತೇನೆ. ಎಷ್ಟು ಆಳ, ಎಷ್ಟು ನಿಮಿಷ, ಗೇಜ್ ಎಷ್ಟಕ್ಕೆ ಇಳಿದರೆ ವಾಪಸ್ ಅಂತ ಜೊತೆಗಾರನ ಹತ್ತಿರ ಮಾತಾಡಿ ಸ್ಲೇಟ್ ಮೇಲೆ ಬರೆದುಕೊಳ್ಳುತ್ತೇನೆ. ಕೆಳಗೆ ಹೋದಮೇಲೆ ಬದಲಾಯಿಸುವ ಮಾತಿಲ್ಲ. ಆಮೆಯೊಂದು ಇನ್ನೂ ಆಳಕ್ಕೆ ಕರೆದರೂ ಇಲ್ಲ. ಆಗಾಗ ಅವನಿಗೆ ಬೆರಳು ತೋರಿಸುತ್ತೇನೆ. ನಾನು ಎರಡು ತೋರಿಸಿದರೆ ಅವನು ಮೂರು ತೋರಿಸಬೇಕು. ತಡವಾಯಿತೋ, ಇಬ್ಬರೂ ಕೆಲವು ಮೀಟರ್ ಮೇಲೆ ಬರುತ್ತೇವೆ. ನಾರ್ಕೋಸಿಸ್‌ಗೆ ಬೇರೆ ಮದ್ದಿಲ್ಲ. ಮೇಲೆ ಬಂದರೆ ತಲೆ ಬೇಗ ತಿಳಿಯಾಗುತ್ತದೆ.

ಭಯವಾದಾಗ ಉಸಿರು ಚಿಕ್ಕದಾಗುತ್ತದೆ, ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿಯಾಗಿ ಅಮಲೂ ಏರುತ್ತದೆ. ಆಗ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ ಶ್ವಾಸಕೋಶವೇ ಹರಿಯಬಹುದು. ನಾನು ಮೊದಲು ಕೈಕಾಲು ಆಡಿಸುವುದನ್ನು ನಿಲ್ಲಿಸಿ ಉದ್ದಕ್ಕೆ ಉಸಿರು ಬಿಡುತ್ತೇನೆ. ಆಮೇಲೇ ಸನ್ನೆ. ಏರುವುದು ನಿಮಿಷಕ್ಕೆ 9 ಮೀಟರ್ ಮೀರದಂತೆ, 5 ಮೀಟರ್‌ನಲ್ಲಿ 3 ನಿಮಿಷ ನಿಂತು.

ಬೆಂಗಳೂರಿನವರು ಇನ್ನೊಂದು ವಿಷಯ ಗಮನಿಸಬೇಕು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಡೈವ್ ಮಾಡಿ ಅದೇ ಸಂಜೆ ಕಾರು ಹತ್ತಿಬಿಡುತ್ತಾರೆ. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ ಅಲ್ವಾ? ಘಾಟಿ ಹತ್ತಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಡೈವ್‌ನಲ್ಲಿ ಮೈಗೆ ಸೇರಿ ಉಳಿದ ನೈಟ್ರೋಜನ್ ಗುಳ್ಳೆಯಾಗಿ ಕೀಲುನೋವು, ಜೋಮು, ತಲೆಸುತ್ತು ತರಬಹುದು. ಇದೇ ಬೆಂಡ್ಸ್. ವಿಮಾನ ಹತ್ತುವ ಮುಂಚೆ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಆಗಿದ್ದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ಘಾಟಿ ರಸ್ತೆಗೂ ನಾನು ಅದನ್ನೇ ಇಟ್ಟುಕೊಂಡಿದ್ದೇನೆ. ಸೋಮವಾರ ಆಫೀಸ್ ಇದ್ದರೆ ಶನಿವಾರವೇ ಡೈವ್ ಮುಗಿಸಿ, ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಭಾನುವಾರ ಮಧ್ಯಾಹ್ನ ಹೊರಡುತ್ತೇನೆ.