ಮರುಮುದ್ರಣ ಎಂದರೆ ಯಾವುದು? ಒಂದು ಊಹಾ ಸ್ಪರ್ಧೆಗೆ ನಿಯಮ ಬರೆದ ನನ್ನ ಅನುಭವ

2019ರ ಡಿಸೆಂಬರ್‌ನಲ್ಲಿ ನಾವು ಹನ್ನೊಂದು ಜನ ಸೇರಿ ಒಂದು ಸ್ಪರ್ಧೆ ಶುರು ಮಾಡಿದೆವು. ಎಲ್ಲರೂ ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಾರ್ವೆಲ್ ಕಾಮಿಕ್ಸ್ ಹುಡುಕುತ್ತಾ ಪರಿಚಯವಾದವರು. ಆಮೇಲೆ ಒಬ್ಬರು ದುಬೈಗೆ, ಇನ್ನೊಬ್ಬರು ನ್ಯೂಜೆರ್ಸಿಗೆ ಹೋದರು, ಆದರೆ ನಂಟು ಬಿಟ್ಟಿರಲಿಲ್ಲ. ಮುಂದಿನ ವರ್ಷ ಮಾರ್ವೆಲ್‌ನ ಯಾವ ಹಳೆಯ ಸಂಚಿಕೆಗಳು ಪುಸ್ತಕವಾಗಿ ಬರುತ್ತವೆ ಎಂದು ತಲಾ ಹತ್ತು ಊಹೆ ಬರೆಯಬೇಕು, ಹೆಚ್ಚು ಸರಿ ಹೇಳಿದವರು ಗೆದ್ದ ಹಾಗೆ. ನಿಯಮ ಅಷ್ಟೇ. ಒಂದೇ ವಾಟ್ಸ್ಆ್ಯಪ್ ಸಂದೇಶದಲ್ಲಿ ಮುಗಿಸಿದ್ದೆ.

ಈ ಊಹೆಗೆ ರುಚಿ ಬರುವುದು ಹಳೆಯ ಸಂಚಿಕೆಗಳನ್ನು ಸಂಪುಟಗಳಾಗಿ ಕಟ್ಟಿ ತರುವ ಮಾರ್ವೆಲ್‌ನ ಎಪಿಕ್ ಕಲೆಕ್ಷನ್ ಎಂಬ ಮಾಲೆಯಿಂದ. 2013ರಲ್ಲಿ ಶುರುವಾದಾಗ ಐರನ್ ಮ್ಯಾನ್‌ನ 10ನೇ ಸಂಪುಟ, ಥಾರ್‌ನ 16ನೇ ಸಂಪುಟ ಮೊದಲು ಬಂದವು. ಪ್ರತಿ ನಾಯಕನ ಇಡೀ ಕಥೆಗೆ ಮೊದಲೇ ಸಂಪುಟಗಳ ಲೆಕ್ಕ ಹಾಕಿಟ್ಟು, ಯಾವುದನ್ನು ಬೇಕಾದರೂ ಮೊದಲು ತರುತ್ತಾರೆ. ಹಾಗಾಗಿ ಕಪಾಟಿನಲ್ಲಿ ಹಲ್ಲು ಬಿದ್ದ ಹಾಗೆ ಖಾಲಿ ಜಾಗಗಳು. ಮುಂದೆ ಯಾವ ಜಾಗ ತುಂಬುತ್ತದೆ ಎಂದು ತಲೆ ಕೆಡಿಸಿಕೊಳ್ಳುವುದೇ ನಮ್ಮ ಸುಖ.

ಮೊದಲ ಜಗಳ ಒಂದು ಕನ್ನಡ ಪದದಿಂದಲೇ ಬಂತು. ಹಳೆಯ ಸಂಚಿಕೆಗಳು ಮೊದಲ ಸಲ ಈ ಮಾಲೆಗೆ ಬಂದರೂ ನಾವು ‘ಮರುಮುದ್ರಣ’ ಎನ್ನುತ್ತಿದ್ದೆವು, ಅಂಗಡಿಗಳಲ್ಲಿ ಮುಗಿದುಹೋದ ಸಂಪುಟವನ್ನೇ ಮತ್ತೆ ಅಚ್ಚು ಹಾಕಿದರೂ ‘ಮರುಮುದ್ರಣ’ ಎನ್ನುತ್ತಿದ್ದೆವು. ಒಬ್ಬರು ಹತ್ತರಲ್ಲಿ ಆರು ಊಹೆಗಳನ್ನು ಎರಡನೇ ಅರ್ಥದಲ್ಲಿ ಬರೆದಿದ್ದರು. ಅವರದು ತಪ್ಪೆಂದು ಹೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಆ ಪದವನ್ನು ಬಿಡಿಸಿ ಹೇಳದೆ ಬಿಟ್ಟವನು ನಾನು. ಈಗ ಮೊದಲನೆಯದಕ್ಕೆ ‘ಮರುಸಂಕಲನ’, ಎರಡನೆಯದಕ್ಕೆ ‘ಮರು ಅಚ್ಚು’ ಎನ್ನುತ್ತೇವೆ. ಸ್ಪರ್ಧೆ ಮರುಸಂಕಲನಕ್ಕೆ ಮಾತ್ರ.

ಅಷ್ಟರಲ್ಲಿ 2020 ಬಂತು. ಲಾಕ್‌ಡೌನ್ ಕಾರಣಕ್ಕೆ ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಏಪ್ರಿಲ್‌ನಿಂದ ಮೇ ನಡುಭಾಗದ ತನಕ ಬಹುಪಾಲು ಹೊಸ ಸರಕು ಹೋಗುವುದೇ ನಿಂತಿತು. ಬಿಡುಗಡೆಯ ದಿನಾಂಕಗಳು ಚೆಲ್ಲಾಪಿಲ್ಲಿಯಾದವು. ಇಂಥ ವರ್ಷದಲ್ಲಿ ಡಿಸೆಂಬರ್ 31ರ ಗೆರೆ ಹಿಡಿದು ಅಂಕ ಕೊಡುವುದು ಅನ್ಯಾಯ ಅನ್ನಿಸಿತು. ಆದರೆ ಅದಕ್ಕಿಂತ ದೊಡ್ಡ ದೋಷವೊಂದು ಆಗ ಕಣ್ಣಿಗೆ ಬಿತ್ತು. ಈ ಪುಸ್ತಕಗಳ ವಿವರ ವಿತರಕರ ಕ್ಯಾಟಲಾಗಿನಲ್ಲಿ ತಿಂಗಳುಗಟ್ಟಲೆ ಮುಂಚೆಯೇ ಸೇರಿರುತ್ತದೆ. ದಿನಾ ರಾತ್ರಿ ಅದನ್ನು ಜಾಲಾಡುವವರು ಊಹಿಸುತ್ತಿರಲಿಲ್ಲ, ನೋಡಿ ಬರೆಯುತ್ತಿದ್ದರು. ನಿಯಮ ಅವರನ್ನು ತಡೆದಿರಲಿಲ್ಲ, ಹಾಗಾಗಿ ಅದು ಅವರ ತಪ್ಪಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪು.

ಆದ್ದರಿಂದ ಪ್ರಶ್ನೆ ಬದಲಿಸಿದೆ. ‘ಯಾವುದು ಬಿಡುಗಡೆಯಾಗುತ್ತದೆ’ ಅಲ್ಲ, ‘ಯಾವುದು ಈ ವರ್ಷ ಮೊದಲ ಸಲ ಘೋಷಣೆಯಾಗುತ್ತದೆ’. ಪ್ರಕಾಶಕರ ಘೋಷಣೆ ಅಥವಾ ವಿತರಕರ ಕ್ಯಾಟಲಾಗ್, ಇವೆರಡೇ ಸಾಕ್ಷಿ. ಆನ್‌ಲೈನ್ ಅಂಗಡಿಯೊಂದರಲ್ಲಿ ಮಾತ್ರ ಕಂಡದ್ದು ಲೆಕ್ಕಕ್ಕಿಲ್ಲ, ಅಲ್ಲಿ ಹೆಸರುಗಳು ಬಂದು ಮಾಯವಾಗುತ್ತವೆ. ಡಿಸೆಂಬರ್ 20ಕ್ಕೆ ನಾನು ಆಗಲೇ ಗೊತ್ತಿರುವ ಪುಸ್ತಕಗಳ ಪಟ್ಟಿ ಹಾಕುತ್ತೇನೆ, ಯಾರಿಗೆ ಇನ್ನೇನಾದರೂ ಗೊತ್ತಿದ್ದರೆ 28ರೊಳಗೆ ಸೇರಿಸುತ್ತಾರೆ. ಆ ಪಟ್ಟಿಯಲ್ಲಿರುವುದನ್ನು ಯಾರೂ ಊಹಿಸುವಂತಿಲ್ಲ.

ಇನ್ನೊಂದು ಸಂಗತಿ ಹೇಳುವಾಗ ಈಗಲೂ ನನಗೆ ಹಿಂಸೆ. ಮೊದಲ ವರ್ಷ ನಾನೂ ಆಡಿದ್ದೆ, ಅಂಕ ಹಾಕಿದವನೂ ನಾನೇ. ಒಂದು ಕಡೆ ನಾಯಕನ ಹೆಸರು ಬರೆದು ‘ಹೊಸ ಸಂಪುಟ’ ಎಂದಷ್ಟೇ ಬರೆದಿದ್ದೆ. ನನ್ನ ಗೆಳೆಯನೊಬ್ಬ ಅದೇ ನಾಯಕನ ಸಂಪುಟದ ಸಂಖ್ಯೆಯನ್ನೂ ಬರೆದಿದ್ದ. ಬಂದದ್ದು ಅದರ ಪಕ್ಕದ ಸಂಪುಟ. ನನಗೆ ಒಂದು ಅಂಕ, ಅವನಿಗೆ ಸೊನ್ನೆ. ಹೆಚ್ಚು ತಿಳಿದು ಬರೆದವನು ಸೋತ, ಮೊಗಮ್ಮಾಗಿ ಬರೆದ ನಾನು ಆ ಒಂದೇ ಅಂಕದಿಂದ ಅವನನ್ನು ಹಿಂದೆ ಹಾಕಿದೆ. ಅವನು ಏನೂ ಅನ್ನಲಿಲ್ಲ, ಒಂದು ತಿಂಗಳು ಫೋನೂ ಮಾಡಲಿಲ್ಲ. ಅಂದಿನಿಂದ ಸ್ಪರ್ಧೆ ನಡೆಸುವವನು ಆಡುವುದಿಲ್ಲ. ತಕರಾರು ಬಂದರೆ, ಆ ತೀರ್ಪಿನಿಂದ ಸ್ಥಾನ ಬದಲಾಗದ ಇಬ್ಬರು ಕೂತು ಹೇಳುತ್ತಾರೆ.

ಮೊಗಮ್ಮಿಗೂ ಮದ್ದು ಬೇಕಿತ್ತು. ಸಂಪುಟದ ಸಂಖ್ಯೆ ಬರೆಸಿದರೆ ಸಾಲದು. ಉದಾಹರಣೆಗೆ 2014ರಲ್ಲಿ ಸ್ಪೈಡರ್-ಮ್ಯಾನ್‌ನ 17 ಮತ್ತು 20ನೇ ಸಂಪುಟಗಳು ಬಂದಾಗ ನಡುವೆ ಎರಡು ಜಾಗ ಖಾಲಿ ಉಳಿದವು. ಯಾವ ಸಂಚಿಕೆ 18ಕ್ಕೆ ಸೇರುತ್ತದೆ, ಯಾವುದು 19ಕ್ಕೆ ಎಂದು ಹೊರಗಿನವರಿಗೆ ಹೇಗೆ ತಿಳಿಯಬೇಕು? ಅದಕ್ಕೆ ‘ಗೂಟದ ಸಂಚಿಕೆ’ ತಂದೆ. ಊಹೆ ಮಾಡುವವರು ಒಂದೇ ಒಂದು ಸಂಚಿಕೆಯ ಸಂಖ್ಯೆ ಬರೆಯಬೇಕು, ಅಂದರೆ ‘ಅಮೇಜಿಂಗ್ ಸ್ಪೈಡರ್-ಮ್ಯಾನ್ 300’ ಎಂಬಂತೆ. ಬಂದ ಪುಸ್ತಕದಲ್ಲಿ ಆ ಸಂಚಿಕೆ ಇದ್ದರೆ ಸರಿ, ಇಲ್ಲದಿದ್ದರೆ ಇಲ್ಲ. ಜೊತೆಗೆ ಎಪಿಕ್ಕೋ, ದಪ್ಪ ರಟ್ಟಿನ ದೊಡ್ಡ ಸಂಪುಟವಾದ ಆಮ್ನಿಬಸ್ಸೋ ಎಂದೂ ಬರೆಯಬೇಕು. ನಾನು ಬರೆದ ನಿಯಮಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ಅದು ಬಂದ ಮೇಲೆ ಸಂಚಿಕೆಯ ವಿಚಾರಕ್ಕೆ ಒಂದು ತಕರಾರೂ ಬಂದಿಲ್ಲ.

ಅಂಕ ಹಂಚುವುದರಲ್ಲಿ ಎರಡು ಸಲ ಎಡವಿದೆ. ಎಲ್ಲ ಊಹೆಗೂ ಸಮ ಅಂಕ ಕೊಟ್ಟರೆ ಎಲ್ಲರೂ ಸ್ಪೈಡರ್-ಮ್ಯಾನ್, ಎಕ್ಸ್-ಮೆನ್ ಎಂದೇ ಬರೆದರು. 2021ರಲ್ಲಿ ತಪ್ಪಿಗೆ ಅಂಕ ಕಳೆದರೆ ಎಲ್ಲರೂ ಇನ್ನಷ್ಟು ಹೆದರಿದರು, ಆಸೆಯಿಂದ ಬರೆಯುವುದೇ ನಿಂತುಹೋಯಿತು. ಅದು ನನಗೆ ಬಹಳ ಬೇಸರ ತಂದಿತು. ಈಗ ಆಟಗಾರರು ಎಷ್ಟು ಮಂದಿಯೋ ಪ್ರತಿ ಪುಸ್ತಕಕ್ಕೂ ಅಷ್ಟು ಅಂಕ, ಅದನ್ನು ಸರಿ ಹೇಳಿದವರು ಪಾಲು ಮಾಡಿಕೊಳ್ಳಬೇಕು. ಈಗಿರುವ ಹದಿನಾಲ್ಕು ಆಟಗಾರರಲ್ಲಿ ಏಳು ಮಂದಿ ಹೇಳಿದ್ದರೆ ತಲಾ ಎರಡು. ಒಬ್ಬರೇ ಹೇಳಿದ್ದರೆ ಹದಿನಾಲ್ಕೂ ಅವರದೇ. ತಪ್ಪಿಗೆ ದಂಡವಿಲ್ಲ, ಆದರೆ ಊಹೆಗಳು ಎಂಟೇ.

ಉಳಿದವು ಸಣ್ಣವು. ಊಹೆಗಳು ಕಾಮಿಕ್ಸ್ ಓದದ ನನ್ನ ತಂಗಿಯ ಇಮೇಲ್‌ಗೆ ಡಿಸೆಂಬರ್ 31ರ ರಾತ್ರಿ 11.59ರೊಳಗೆ ಹೋಗಬೇಕು, ಭಾರತದ ಸಮಯ. ಜನವರಿ 1ರಂದು ಎಲ್ಲವನ್ನೂ ಒಟ್ಟಿಗೆ ತೆರೆಯುತ್ತೇವೆ. ಯಾರೂ ಹಣ ಕಟ್ಟುವುದಿಲ್ಲ, ಬಹುಮಾನ ನನ್ನ ಕಪಾಟಿನಿಂದ ಒಂದು ಪುಸ್ತಕ. ನಿಯಮ ತಿದ್ದಿದರೆ ಅದು ಮುಂದಿನ ವರ್ಷಕ್ಕೆ ಮಾತ್ರ ಅನ್ವಯ, ಈಗಿನ ನಿಯಮ ಎಷ್ಟೇ ಕೆಟ್ಟದಾಗಿದ್ದರೂ.

ಮೊದಲ ವರ್ಷ ಸೊನ್ನೆ ಪಡೆದ ಆ ಗೆಳೆಯ ಪ್ರತಿ ವರ್ಷ ತಪ್ಪದೆ ಒಂದು ಊಹೆ ಬರೆಯುತ್ತಿದ್ದ: ‘ರಾಮ್ ದ ಸ್ಪೇಸ್‌ನೈಟ್’, ಗೂಟ 1ನೇ ಸಂಚಿಕೆ, ಆಮ್ನಿಬಸ್. 1979ರಿಂದ 1986ರ ತನಕ 75 ಸಂಚಿಕೆ ಬಂದ ಕಥೆ ಅದು. ಆ ಪಾತ್ರ ಮೂಲದಲ್ಲಿ ಒಂದು ಆಟಿಕೆ, ಹಕ್ಕು ಆಟಿಕೆ ಕಂಪನಿಯ ಕೈಯಲ್ಲಿತ್ತು, ಹಾಗಾಗಿ ದಶಕಗಳ ಕಾಲ ಪುಸ್ತಕವಾಗಲಿಲ್ಲ. ಬೇರೆ ಯಾರೂ ಅದಕ್ಕೆ ಒಂದು ಊಹೆ ವ್ಯರ್ಥ ಮಾಡುತ್ತಿರಲಿಲ್ಲ. 2023ರಲ್ಲಿ ಘೋಷಣೆ ಬಂತು. ಪುಸ್ತಕ ಅಂಗಡಿಗೆ ಬಂದದ್ದು 2024ರ ಜನವರಿಯಲ್ಲಿ, ಹಳೆಯ ನಿಯಮವೇ ಇದ್ದಿದ್ದರೆ ಆ ವರ್ಷ ಅವನಿಗೆ ಏನೂ ಸಿಗುತ್ತಿರಲಿಲ್ಲ. ಸುದ್ದಿ ಬಂದ ರಾತ್ರಿ ಹನ್ನೆರಡಕ್ಕೆ ಅವನ ಸಂದೇಶ: ‘ಹದಿನಾಲ್ಕೂ ನನಗೇ ತಾನೆ?’ ನಾನು ಜನವರಿಯಲ್ಲಿ ತೆರೆದ ಪಟ್ಟಿಯನ್ನು ಇನ್ನೊಮ್ಮೆ ಮೇಲಿನಿಂದ ಕೆಳಗೆ ಓದಿ, ಬೇರೆ ಯಾರೂ ಬರೆದಿಲ್ಲವೆಂದು ಖಚಿತ ಮಾಡಿಕೊಂಡು, ‘ಹೌದು, ಹದಿನಾಲ್ಕೂ’ ಎಂದು ಬರೆದೆ.