ಬೆಟ್ಟಸಾಲಿನ ಹೆಸರಿನ ಮೂಲ ಹುಡುಕುವುದು ಹೇಗೆ

ಮೊದಲು ಹೆಸರನ್ನು ಅಲ್ಲಿಯ ಜನ ಆಡುವಂತೆಯೇ ಕನ್ನಡದಲ್ಲಿ ಬರೆದುಕೊಳ್ಳಿ. ಇಂಗ್ಲಿಷ್ ನಕ್ಷೆ ನೋಡಿ ಶುರುಮಾಡಿದರೆ ಲ, ಳ ಎರಡೂ ಒಂದೇ ಆಗಿಬಿಡುತ್ತವೆ, ಅಲ್ಲೇ ದಾರಿ ತಪ್ಪುತ್ತದೆ. ಮಲೆನಾಡನ್ನೇ ತೆಗೆದುಕೊಳ್ಳಿ. ಮಳೆ ಜಾಸ್ತಿ, ಹಾಗಾಗಿ ಮಳೆಯ ನಾಡು ಎನ್ನುವವರಿದ್ದಾರೆ. ಆದರೆ ಇಲ್ಲಿರುವುದು ಲ. ಮಲೆ ಎಂದರೆ ಬೆಟ್ಟ. ತಮಿಳಿನಲ್ಲಿ ಮಲೈ, ಮಲಯಾಳದಲ್ಲಿ ಮಲ. ಸುರಿಯುವ ಮಳೆ ಹಳಗನ್ನಡದಲ್ಲಿ ‘ಮೞೆ’. ಆ ೞ ಮುಂದೆ ಳಕಾರದಲ್ಲಿ ಬೆರೆತುಹೋಯಿತು, ತಮಿಳಿನಲ್ಲಿ ಇವತ್ತಿಗೂ ಉಳಿದಿದೆ. ಅನುಮಾನ ಬಂದಾಗ ತಮಿಳು ರೂಪವನ್ನು ಪಕ್ಕದಲ್ಲಿಟ್ಟು ನೋಡಿ, ಜೊತೆಗೆ ಕಿಟ್ಟೆಲ್ ನಿಘಂಟು ತೆರೆಯಿರಿ.

ಆಮೇಲೆ ಹೆಸರಿನ ಬಾಲ ಬಿಡಿಸಿ: ಬೆಟ್ಟ, ಗುಡ್ಡ, ಗಿರಿ, ಅದ್ರಿ, ಮಲೆ. ಸಹ್ಯಾದ್ರಿಯಲ್ಲಿ ಅದ್ರಿ ತೆಗೆದರೆ ಸಹ್ಯ. ಪುರಾಣಗಳ ಏಳು ಕುಲಪರ್ವತಗಳ ಪಟ್ಟಿಯಲ್ಲಿರುವುದು ಅಷ್ಟೇ. ಅದನ್ನು ತಾಳಿಕೊಳ್ಳು ಎಂಬರ್ಥದ ‘ಸಹ್’ ಧಾತುವಿಗೆ ಸೇರಿಸುತ್ತಾರೆ. ಅದೇ ಪಟ್ಟಿಯ ಮಲಯ ಪರ್ವತ ನೋಡಿ: ಅದು ನಮ್ಮ ದ್ರಾವಿಡ ಮಲೆಯೇ, ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಕೂತಿದೆ. ಸಂಸ್ಕೃತ ಗ್ರಂಥದಲ್ಲಿ ಸಿಕ್ಕಿತು ಎಂದು ಪದವೂ ಸಂಸ್ಕೃತದ್ದೇ ಎಂದು ಬರೆದುಬಿಡಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲೂ ಗಿರಿ, ಬೆಟ್ಟ ಎರಡೂ ಇವೆ.

ಹೆಸರು ಯಾವುದಕ್ಕೆ ಸಲ್ಲುತ್ತಿತ್ತು ಎಂಬುದನ್ನೂ ಕೇಳಿ. ಕರಾವಳಿಯವರು ‘ಘಟ್ಟ ಹತ್ತಿ ಹೋದರು’ ಎನ್ನುವಾಗ ಮನಸ್ಸಿನಲ್ಲಿರುವುದು ಏರುದಾರಿ. ಆಗುಂಬೆ, ಶಿರಾಡಿ, ಚಾರ್ಮಾಡಿ ಒಂದೊಂದೂ ಬೇರೆ ಘಾಟಿ. ದಾರಿಯ ಈ ಹೆಸರನ್ನು ಸುಮಾರು 1600 ಕಿಲೋಮೀಟರ್ ಉದ್ದದ ಇಡೀ ಸಹ್ಯಾದ್ರಿ ಸಾಲಿಗೆ ಅಂಟಿಸಿದವರು ಯುರೋಪಿನವರು.

ಕೊನೆಗೆ ಅತಿ ಹಳೆಯ ದಾಖಲೆ. ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ಬೆಟ್ಟದ ಬುಡದ ತಾಲ್ಲೂಕುಗಳಿಂದ ಹುಡುಕಲು ಶುರುಮಾಡಿ. ನೀಲಗಿರಿಗೆ ಆ ಹೆಸರಿಟ್ಟವರು ಬ್ರಿಟಿಷರು ಎಂಬ ಮಾತು ಇಲ್ಲೇ ಬಿದ್ದುಹೋಗುತ್ತದೆ: ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನ 1117ರ ಚಾಮರಾಜನಗರ ಶಾಸನದಲ್ಲಿ ಅಲ್ಲಿಯ ಬುಡಕಟ್ಟಿನವರಾದ ತೋಡರ ಜೊತೆಗೇ ನೀಲಾದ್ರಿಯ ಮಾತೂ ಬರುತ್ತದೆ. ಆದರೆ ಶಾಸನ ಸಾಕ್ಷಿ ಹೇಳುವುದು ಹೆಸರಿಗೆ, ಕಾರಣಕ್ಕಲ್ಲ. 12 ವರ್ಷಕ್ಕೊಮ್ಮೆ ಅರಳುವ ಕುರಿಂಜಿಯ ನೀಲಿಯೋ, ದೂರದ ಮಂಜಿನ ನೀಲಿಯೋ, ಎರಡನ್ನೂ ‘ಜನರ ವಿವರಣೆ’ ಎಂದು ಬೇರೆಯೇ ಸಾಲಿನಲ್ಲಿ ಬರೆದಿಡಿ, ಶಾಸನದ ಇಸವಿಯ ಜೊತೆ ಬೆರೆಸಬೇಡಿ.